ಆರ್ಗ್ ಕಡತದಿಂದ ಓದುಗರ ಕೈಗೆ: ಕನ್ನಡ ಮುರಿಯದ ದಾರಿ ಯಾವುದು?

ನನ್ನ ಗಣಕದಲ್ಲಿ ‘ಪರೀಕ್ಷೆ’ ಎಂಬ ಹೆಸರಿನ ಪುಟ್ಟ ಕಡತವೊಂದಿದೆ. ಇರುವುದು 12 ಸಾಲು ಮಾತ್ರ. ಮೊದಲ ಸಾಲಿನಲ್ಲಿ ರ‍್ಯಾಂಕ್, ಕಾರ್ಯ, ಸಾಫ್ಟ್‌ವೇರ್, ಸ್ತ್ರೀ, ಶಾಸ್ತ್ರ, ಕೃತಿ ಎಂಬ ಪದಗಳು. ಎರಡನೆಯದರಲ್ಲಿ, ದಪ್ಪಕ್ಷರದ ಪದವೊಂದಕ್ಕೆ ವಿಭಕ್ತಿ ಪ್ರತ್ಯಯ ಅಂಟಿಕೊಂಡಿರುವ ವಾಕ್ಯ. ಆಮೇಲೆ ಒಂದು ಕೋಷ್ಟಕ, ಒಂದು ಅಡಿಟಿಪ್ಪಣಿ, ನಡುವೆ ಅಡಿಗೆರೆ ಇರುವ ಒಂದು ಕಡತದ ಹೆಸರು, ಕನ್ನಡ ವಿವರಣೆ ಇರುವ ಎರಡು ಸಾಲು ಕೋಡ್, ಕೊನೆಗೆ ಅರ್ಧ ಸಾಲನ್ನೇ ನುಂಗುವ ಉದ್ದನೆಯ ಸಮಾಸಪದ. ಟಿಪ್ಪಣಿಗಳನ್ನು ಪ್ರಕಟಿಸಲು ಯಾವ ಹೊಸ ದಾರಿ ಕಂಡರೂ ಮೊದಲು ಈ ಕಡತವನ್ನು ಅದರೊಳಗೆ ಹಾಯಿಸುತ್ತೇನೆ. ಇದು ದಾಟಿದರೆ ಉಳಿದದ್ದು ದಾಟುತ್ತದೆ.

ಇಷ್ಟು ಎಚ್ಚರಿಕೆಗೆ ಕಾರಣವಿದೆ. ನನ್ನ ತಂದೆ ಬೇಸಾಯದ ಪದಗಳನ್ನೂ ಗಾದೆಗಳನ್ನೂ ವರ್ಷಗಟ್ಟಲೆ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ಅವನ್ನು ಡಿಟಿಪಿ ಅಂಗಡಿಯೊಂದರಲ್ಲಿ ಟೈಪ್ ಮಾಡಿಸಿ ಸಿ.ಡಿ.ಯಲ್ಲಿ ತಂದು ಬೀರುವಿನಲ್ಲಿ ಇಟ್ಟೆವು. ಹತ್ತು ವರ್ಷ ಕಳೆದು ತೆರೆದು ನೋಡಿದರೆ, ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಪೌಂಡಿನ ಗುರುತು! ಎಲ್ಲ ಗಣಕಗಳಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್. ಇದನ್ನು ಅದಕ್ಕಿಂತ ಹಿಂದಿನ ಸಂಕೇತದಲ್ಲಿ ಟೈಪ್ ಮಾಡಿದ್ದರು. ಆ ಒಂದು ಫಾಂಟ್ ಇದ್ದರಷ್ಟೇ ಅದು ಕನ್ನಡ. ಪರಿವರ್ತಕದ ಮೂಲಕ ಬಹುಪಾಲನ್ನು ಉಳಿಸಿಕೊಂಡೆ, ಅರ್ಕಾವತ್ತು ತಪ್ಪಿದ ಪದಗಳನ್ನು ಒಂದೊಂದಾಗಿ ಕೈಯಾರೆ ತಿದ್ದಿದೆ. ಆ ತಿದ್ದುವ ಕೆಲಸದಲ್ಲೇ ನಿರ್ಧರಿಸಿದೆ: ಇನ್ನು ಮುಂದೆ ಮೂಲ ಪ್ರತಿ ಯೂನಿಕೋಡ್ ಸರಳ ಪಠ್ಯದಲ್ಲೇ ಇರಬೇಕು, ಯಾವ ತಂತ್ರಾಂಶದಲ್ಲಾದರೂ ತೆರೆಯಬೇಕು.

ಆ ಮೂಲ ಪ್ರತಿಗಾಗಿ ನಾನು ಆರಿಸಿಕೊಂಡದ್ದು ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಆರ್ಗ್ ಮೋಡ್. ನೆದರ್ಲೆಂಡ್ಸ್‌ನ ಖಗೋಳ ವಿಜ್ಞಾನಿ ಕಾರ್ಸ್ಟನ್ ಡಾಮಿನಿಕ್ 2003ರಲ್ಲಿ ತಮ್ಮ ಟಿಪ್ಪಣಿಗಳನ್ನೂ ಕೆಲಸಗಳ ಪಟ್ಟಿಯನ್ನೂ ಒಂದೇ ಕಡೆ ಇಟ್ಟುಕೊಳ್ಳಲು ಇದನ್ನು ಆರಂಭಿಸಿದರು. ಈಮ್ಯಾಕ್ಸ್ 22ನೇ ಆವೃತ್ತಿಯಿಂದ ಅದರ ಜೊತೆಯಲ್ಲೇ ಬರುತ್ತಿದೆ. ಬರೆಯುವುದೆಲ್ಲ ಸರಳ ಪಠ್ಯ. ಅದನ್ನು ಜಾಲತಾಣವಾಗಿಯೋ ಪಿಡಿಎಫ್ ಆಗಿಯೋ ವರ್ಡ್ ಕಡತವಾಗಿಯೋ ಹೊರತರಲು ಹಲವು ದಾರಿಗಳಿವೆ. ಯಾವ ದಾರಿಯಲ್ಲಿ ಕನ್ನಡ ಎಲ್ಲಿ ಮುಗ್ಗರಿಸುತ್ತದೆ, ಎಬ್ಬಿಸಿ ನಿಲ್ಲಿಸುವುದು ಹೇಗೆ, ಯಾರಿಗೆ ಯಾವುದು ಒಗ್ಗುತ್ತದೆ ಎಂಬುದನ್ನು ಬಳಸಿದ ಅನುಭವದಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪರದೆ ಸರಿಯಾಗಲಿ

ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಆರ್ಗ್ ಮೋಡ್ ಅನ್ನು ಬೈಯಬೇಡಿ. ಅಕ್ಷರ ಜೋಡಿಸುವ ಕೆಲಸ ಹಾರ್ಫ್‌ಬಜ್ ಎಂಬ ತಂತ್ರಾಂಶ ಗ್ರಂಥಾಲಯದ್ದು. 2020ರಲ್ಲಿ ಬಂದ ಈಮ್ಯಾಕ್ಸ್ 27 ಅದನ್ನು ಮುಖ್ಯ ಆಸರೆಯಾಗಿ ಮಾಡಿಕೊಂಡಿತು. ಅದಕ್ಕಿಂತ ಹಳೆಯದು ನಿಮ್ಮಲ್ಲಿದ್ದರೆ ಮೊದಲು ಹೊಸದಕ್ಕೆ ಬನ್ನಿ. ಆಮೇಲೆ ಕನ್ನಡ ಲಿಪಿಗೆ ಇಂಥದೇ ಫಾಂಟ್ ಬಳಸು ಎಂದು ಸಂರಚನಾ ಕಡತದಲ್ಲಿ ಫಾಂಟ್‌ಸೆಟ್ ಸೂಚನೆ ಕೊಡಿ. ನೋಟೋ ಸಾನ್ಸ್ ಕನ್ನಡ, ಲೋಹಿತ್, ಗುಬ್ಬಿ, ಯಾವುದಾದರೂ ಆಗಬಹುದು. ಕನ್ನಡ ಬಂದ ಸಾಲು ಎತ್ತರವಾಗಿ ಪಠ್ಯ ಕುಣಿಯುತ್ತಿದ್ದರೆ ಆ ಫಾಂಟಿನ ಅಳತೆಯನ್ನು 0.9ರಷ್ಟಕ್ಕೆ ಇಳಿಸಿ. ಆದೇಶ ಟೈಪಿಸುವ ಟರ್ಮಿನಲ್ ಒಳಗೆ ಈಮ್ಯಾಕ್ಸ್ ನಡೆಸುವವರಿಗೆ ಈ ಯಾವ ಸೂಚನೆಯೂ ಫಲಿಸುವುದಿಲ್ಲ, ಏಕೆಂದರೆ ಅಲ್ಲಿ ಅಕ್ಷರ ಬರೆಯುವುದು ಟರ್ಮಿನಲ್ಲೇ. ಕನ್ನಡ ಬರೆಯುವವರು ಅದರ ಸ್ವಂತ ಕಿಟಕಿಯಲ್ಲೇ ಕೆಲಸ ಮಾಡುವುದು ಒಳ್ಳೆಯದು.

ಕೋಷ್ಟಕದ ಗೆರೆಗಳು ಸೊಟ್ಟಗಾಗುವುದು ಬೇರೆ ಕಥೆ. ಆರ್ಗ್ ಕೋಷ್ಟಕವನ್ನು ಅಕ್ಷರಗಳ ಎಣಿಕೆಯ ಮೇಲೆ ಸಾಲುಗೂಡಿಸುತ್ತದೆ. ಕನ್ನಡದ ‘ಸ್ತ್ರೀ’ ಹಿಡಿಯುವ ಜಾಗ ಎಷ್ಟು ಎಂಬುದು ಎಣಿಕೆಯಿಂದ ತಿಳಿಯುವುದಿಲ್ಲ. ವ್ಯಾಲೈನ್ ಎಂಬ ಪುಟ್ಟ ಸೇರ್ಪಡೆ ಪಿಕ್ಸೆಲ್ ಲೆಕ್ಕದಲ್ಲಿ ಗೆರೆಗಳನ್ನು ನೇರ ಮಾಡುತ್ತದೆ. ಅದನ್ನು ಹಾಕಿಕೊಳ್ಳದಿದ್ದರೂ ಹೊರಬರುವ ಪುಟದಲ್ಲಿ ಕೋಷ್ಟಕ ಸರಿಯಾಗಿಯೇ ಇರುತ್ತದೆ. ಕಣ್ಣಿಗೆ ಮಾತ್ರ ಕಿರಿಕಿರಿ.

ಪ್ರತ್ಯಯದ ತೊಡಕು

ಕನ್ನಡ ಬರೆಯುವವರಿಗೆ ಆರ್ಗ್‌ನಲ್ಲಿ ಎದುರಾಗುವ ನಿಜವಾದ ತಲೆನೋವು ಇದು. ಪದವನ್ನು ನಕ್ಷತ್ರ ಚಿಹ್ನೆಗಳ ನಡುವೆ ಇಟ್ಟರೆ ಅದು ದಪ್ಪಕ್ಷರವಾಗುತ್ತದೆ. ಆದರೆ ಕೊನೆಯ ನಕ್ಷತ್ರದ ಮುಂದೆ ಖಾಲಿ ಜಾಗವೋ ವಿರಾಮಚಿಹ್ನೆಯೋ ಇರಲೇಬೇಕು. ಇಂಗ್ಲಿಷಿಗೆ ಇದರಿಂದ ತೊಂದರೆಯಿಲ್ಲ. ನಾವು ‘*ಕುಂಟೆ*ಯನ್ನು’, ‘*ಮೇಟಿ*ಯಿಂದ’ ಎಂದು ಬರೆಯುವವರು. ನಮ್ಮ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರುತ್ತದೆ. ಹಾಗೆ ಬರೆದರೆ ಪುಟದಲ್ಲಿ ನಕ್ಷತ್ರಗಳು ನಕ್ಷತ್ರಗಳಾಗಿಯೇ ಉಳಿಯುತ್ತವೆ.

ಇದಕ್ಕೆ ಆರ್ಗ್ ಕೈಪಿಡಿಯೇ ಹೇಳುವ ಮದ್ದು, ಕೊನೆಯ ನಕ್ಷತ್ರಕ್ಕೂ ಪ್ರತ್ಯಯಕ್ಕೂ ನಡುವೆ ಶೂನ್ಯ ಅಗಲದ ಖಾಲಿ ಜಾಗವನ್ನು ಇಡುವುದು. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಬಿ. ಕಣ್ಣಿಗೆ ಕಾಣುವುದಿಲ್ಲ, ಆರ್ಗ್‌ಗೆ ಮಾತ್ರ ಅದು ಖಾಲಿ ಜಾಗವೇ. ಪದೇ ಪದೇ ಬೇಕಾಗುವುದರಿಂದ ಒಂದು ಕೀಲಿಗೆ ಅದನ್ನು ಕಟ್ಟಿಕೊಳ್ಳಿ.

ಅದು ಹೊರಬರುವ ಪುಟದಲ್ಲೂ ಉಳಿದರೆ ಹುಡುಕಾಟ ಕೆಡುತ್ತದೆ: ‘ಕುಂಟೆಯನ್ನು’ ಎಂದು ಹುಡುಕಿದವರಿಗೆ ಆ ಪದ ಸಿಗುವುದಿಲ್ಲ. ಆದ್ದರಿಂದ ಹೊರತರುವ ಕೊನೆಯ ಹಂತದಲ್ಲಿ ಅದನ್ನು ಅಳಿಸುವ ಸೋಸುಕವನ್ನು (ಫಿಲ್ಟರ್) ಆರ್ಗ್‌ಗೆ ಸೇರಿಸಬಹುದು. ಇಲ್ಲೇ ನಾನು ಎಡವಿದೆ. ಕಾಣದ ಚಿಹ್ನೆಗಳೆಲ್ಲ ಕಸವೆಂದುಕೊಂಡು 200ಬಿ ಜೊತೆಗೆ 200ಸಿ, 200ಡಿ ಸಂಖ್ಯೆಯವನ್ನೂ ಅಳಿಸುವ ಸೋಸುಕ ಬರೆದೆ. ಮರುದಿನ ನೋಡಿದರೆ ‘ರ‍್ಯಾಂಕ್’ ಇದ್ದಲ್ಲೆಲ್ಲ ‘ರ್ಯಾಂಕ್’. ರಕಾರ ಅರ್ಕಾವತ್ತಾಗಿ ಯಕಾರದ ಮುಂದೆ ಹೋಗಿ ಕುಳಿತಿತ್ತು. ‘ಸಾಫ್ಟ್‌ವೇರ್’ ‘ಸಾಫ್ಟ್ವೇರ್’ ಆಗಿತ್ತು. ಅಕ್ಷರಗಳು ಹೇಗೆ ಕೂಡಬೇಕು, ಎಲ್ಲಿ ಕೂಡಬಾರದು ಎಂದು ಹೇಳುವ ಕೊನೆಯ ಆ ಎರಡು ಚಿಹ್ನೆಗಳು ನಮಗೆ ಕಾಗುಣಿತದಷ್ಟೇ ಮುಖ್ಯ. ಅಳಿಸುವುದಾದರೆ 200ಬಿ ಒಂದನ್ನೇ ಅಳಿಸಿ. ಅಕ್ಷರದ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಯು, ಕಂಟ್ರೋಲ್-ಎಕ್ಸ್, ಸಮಚಿಹ್ನೆ ಒತ್ತಿದರೆ ಈಮ್ಯಾಕ್ಸ್ ಅಲ್ಲಿ ಏನೇನು ಅಡಗಿದೆಯೆಂದು ತೋರಿಸುತ್ತದೆ. ಅನುಮಾನ ಬಂದಾಗಲೆಲ್ಲ ಒತ್ತಿ ನೋಡಿ.

ಇದನ್ನು ಓದಿ ‘ಹಾಗಾದರೆ ಮಾರ್ಕ್‌ಡೌನ್ ಸಾಲದೇ’ ಎಂದು ಕೇಳುವವರಿದ್ದೀರಿ. ನ್ಯಾಯವಾದ ಪ್ರಶ್ನೆ. ಅದೂ ಆರ್ಗ್‌ನಂತೆ ಸರಳ ಪಠ್ಯದಲ್ಲೇ ಗುರುತು ಹಾಕಿ ಬರೆಯುವ ಕ್ರಮ. ಮಾರ್ಕ್‌ಡೌನ್‌ನಲ್ಲಿ ‘**ಕುಂಟೆ**ಯನ್ನು’ ಎಂದು ಬರೆದರೆ ಯಾವ ಉಪಾಯವೂ ಇಲ್ಲದೆ ದಪ್ಪಕ್ಷರವಾಗುತ್ತದೆ. ಆದರೆ ನಕ್ಷತ್ರದ ಬದಲು ಅಡಿಗೆರೆ ಬಳಸಿದರೆ ಆಗುವುದಿಲ್ಲ. ದಪ್ಪಕ್ಷರದೊಳಗೆ ಉದ್ಧರಣ ಚಿಹ್ನೆ ಇದ್ದು ಅದರ ಬೆನ್ನಿಗೇ ಪ್ರತ್ಯಯ ಬಂದರೂ ಆಗುವುದಿಲ್ಲ. ಮೊಬೈಲಿನಲ್ಲಿ ಹೆಚ್ಚು ಬರೆಯುವವರಿಗೆ, ಈಮ್ಯಾಕ್ಸ್ ಕಲಿಯಲು ಮನಸ್ಸಿಲ್ಲದವರಿಗೆ ನಾನು ಮಾರ್ಕ್‌ಡೌನ್ ಅನ್ನೇ ಹೇಳುತ್ತೇನೆ. ಟಿಪ್ಪಣಿ, ಕೋಷ್ಟಕದ ಲೆಕ್ಕ, ದಿನಾಂಕ, ಬಾಕಿ ಕೆಲಸ ಎಲ್ಲವೂ ಒಂದೇ ಕಡತದಲ್ಲಿ ಬೇಕೆನ್ನುವವರಿಗೆ ಆರ್ಗ್ ಬಿಟ್ಟರೆ ಸಮನಾದದ್ದು ನನಗೆ ಸಿಕ್ಕಿಲ್ಲ.

ಜಾಲತಾಣಕ್ಕೆ: ಆರ್ಗ್‌ನ ಸ್ವಂತ ಪ್ರಕಾಶನ

ಆರ್ಗ್ ಒಳಗೇ ಪ್ರಕಾಶನದ ವ್ಯವಸ್ಥೆಯಿದೆ. ಇಂಥ ಕಪಾಟಿನಲ್ಲಿರುವ (ಎಂದರೆ ಫೋಲ್ಡರಿನಲ್ಲಿರುವ) ಕಡತಗಳನ್ನೆಲ್ಲ ಜಾಲಪುಟದ ಎಚ್‌ಟಿಎಂಎಲ್ ಮಾಡಿ ಇಂಥ ಕಡೆ ಇಡು ಎಂದು ಹತ್ತು ಸಾಲಿನಲ್ಲಿ ಹೇಳಿದರೆ ಸಾಕು. ಬೇರೆ ತಂತ್ರಾಂಶ ಬೇಡ, ಥೀಮ್ ಎಂಬ ಸಿದ್ಧ ವಿನ್ಯಾಸವೂ ಬೇಡ. ಐವತ್ತು ಅರವತ್ತು ಪುಟಗಳ ತಾಣಕ್ಕೆ, ಊರಿನ ಪದಕೋಶಕ್ಕೆ, ಅಡುಗೆಯ ಟಿಪ್ಪಣಿಗಳಿಗೆ ನಾನು ಸೂಚಿಸುವುದು ಇದನ್ನೇ.

ಹೊಸಬರು ಇಲ್ಲಿ ಹೆಚ್ಚಾಗಿ ಕಂಗಾಲಾಗುವುದು, ಪುಟದ ವಿನ್ಯಾಸ ಬದಲಿಸಿ ಮತ್ತೆ ಪ್ರಕಟಿಸಿದರೂ ಏನೂ ಬದಲಾಗದಿದ್ದಾಗ. ಆರ್ಗ್ ಪ್ರತಿ ಕಡತ ಬದಲಾದ ಸಮಯವನ್ನು ನೆನಪಿಟ್ಟುಕೊಂಡಿರುತ್ತದೆ. ಕಡತ ಮುಟ್ಟದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ವಿನ್ಯಾಸ ಬದಲಿಸಿದ್ದು ಅದಕ್ಕೆ ಗೊತ್ತಿಲ್ಲ. ಪ್ರಕಟಿಸುವ ಆದೇಶಕ್ಕೆ ಮೊದಲು ಕಂಟ್ರೋಲ್-ಯು ಒತ್ತಿದರೆ ಎಲ್ಲವನ್ನೂ ಹೊಸದಾಗಿ ಕಟ್ಟುತ್ತದೆ.

ಇನ್ನೊಂದು ತೊಂದರೆ ಎದುರಾಗುವುದು ತಡವಾಗಿ. ಶೀರ್ಷಿಕೆಗಳಿಗೆ ಆರ್ಗ್ ತಾನೇ ಕೊಡುವ ಗುರುತುಗಳು ಮತ್ತೆ ಪ್ರಕಟಿಸಿದಾಗ ಬದಲಾಗಬಹುದು. ಯಾರೋ ನಿಮ್ಮ ಪುಟದ ನಡುವಿನ ಒಂದು ಭಾಗಕ್ಕೆ ಕೊಂಡಿ ಕೊಟ್ಟಿದ್ದರೆ ಅದು ಸತ್ತಂತೆಯೇ. ಮುಖ್ಯ ಶೀರ್ಷಿಕೆಗಳಿಗೆ ಕಸ್ಟಮ್ ಐಡಿ ಎಂಬ ಗುಣವನ್ನು ಮೊದಲ ದಿನವೇ ಬರೆದಿಡಿ. ಹಾಗೆಯೇ ‘ಮಳೆ_ಲೆಕ್ಕ’ ಎಂಬ ಕಡತದ ಹೆಸರಿನಲ್ಲಿ ‘ಲೆಕ್ಕ’ ಕೆಳಗಿಳಿದು ಚಿಕ್ಕದಾಗಿ ಕಂಡರೆ, ಕಡತದ ತಲೆಯಲ್ಲಿರುವ ಆಪ್ಷನ್ಸ್ ಸಾಲಿಗೆ ‘^:{}’ ಸೇರಿಸಿ.

ವಿನ್ಯಾಸದಲ್ಲಿ ಹೆಚ್ಚು ಕೆಲಸವಿಲ್ಲ. ಆರ್ಗ್ ತಾನೇ ತುರುಕುವ ಶೈಲಿಯನ್ನು ನಿಲ್ಲಿಸಿ, ನಿಮ್ಮದೇ ಸಿಎಸ್‌ಎಸ್ ಕಡತ ಕೊಡಿ. ಸಾಲುಗಳ ಅಂತರವನ್ನು 1.6ಕ್ಕಿಂತ ಕಡಿಮೆ ಇಡಬೇಡಿ. ಇಟ್ಟರೆ ‘ಶಾಸ್ತ್ರ’ದ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟನ್ನು ಮುಟ್ಟುತ್ತವೆ. ಭಾಷೆಯ ಸಾಲಿನಲ್ಲಿ ಕನ್ನಡದ ಸಂಕೇತವನ್ನು ನಮೂದಿಸಿ, ಕುರುಡರು ಬಳಸುವ ಓದುಗ ತಂತ್ರಾಂಶಗಳಿಗೆ ಅದು ಬೇಕು. ಆಮೇಲೂ ಪರಿವಿಡಿಯ ತಲೆಬರಹ ಇಂಗ್ಲಿಷಿನಲ್ಲೇ ಬಂದರೆ ಆರ್ಗ್‌ನ ರಫ್ತು ನಿಘಂಟಿಗೆ ‘ಪರಿವಿಡಿ’, ‘ಅಡಿಟಿಪ್ಪಣಿಗಳು’ ಎಂದು ನಾವೇ ಸೇರಿಸಬಹುದು.

ಜಾಲತಾಣಕ್ಕೆ: ಹ್ಯೂಗೋ ದಾರಿ

ಬರಹಗಳು ನೂರು ದಾಟಿ, ವರ್ಗ, ಕೀಲಿಪದ, ಹೊಸ ಬರಹಗಳ ಫೀಡ್ ಬೇಕಾದಾಗ ಮೇಲಿನ ವ್ಯವಸ್ಥೆ ಏದುಸಿರು ಬಿಡುತ್ತದೆ. ಆಗ ಹ್ಯೂಗೋ, ಪಠ್ಯ ಕಡತಗಳಿಂದ ಜಾಲತಾಣ ಕಟ್ಟಿಕೊಡುವ ತಂತ್ರಾಂಶ. ಅದು ಆರ್ಗ್ ಕಡತವನ್ನು ನೇರವಾಗಿಯೂ ಓದುತ್ತದೆ, ಆದರೆ ಆರ್ಗ್‌ನ ಎಲ್ಲ ಸವಲತ್ತುಗಳೂ ಅದಕ್ಕೆ ತಿಳಿಯವು. ನಡುವೆ ಆಕ್ಸ್-ಹ್ಯೂಗೋ ಎಂಬ ಸೇರ್ಪಡೆ ಇಟ್ಟುಕೊಳ್ಳಿ. ಆರ್ಗ್ ಅನ್ನು ಹ್ಯೂಗೋಗೆ ಬೇಕಾದ ಮಾರ್ಕ್‌ಡೌನ್ ಆಗಿ ಅದು ಬದಲಿಸಿಕೊಡುತ್ತದೆ. ಒಂದೇ ದೊಡ್ಡ ಕಡತದಲ್ಲಿ ಪ್ರತಿ ಶೀರ್ಷಿಕೆಯೂ ಒಂದು ಬರಹ. ಶೀರ್ಷಿಕೆಗೆ ‘ಮಾಡಬೇಕು’ ಗುರುತಿದ್ದರೆ ಅದು ಕರಡು. ‘ಮುಗಿಯಿತು’ ಎಂದಾಗ ಪ್ರಕಟಣೆಗೆ ಸಿದ್ಧ. ಬರೆಯುವ ಕ್ರಮಕ್ಕೆ ಇಷ್ಟು ಹೊಂದುವ ಏರ್ಪಾಟು ನನಗೆ ಬೇರೆಡೆ ಕಂಡಿಲ್ಲ.

ಕನ್ನಡದ ಮಟ್ಟಿಗೆ ಇಲ್ಲಿ ಮೂರು ಕಡೆ ಕಣ್ಣಿಡಬೇಕು. ಒಂದನೆಯದು ಪುಟದ ವಿಳಾಸ. ಯೂನಿಕೋಡ್‌ನ ಕನ್ನಡ ಚಿಹ್ನೆ ಒಂದೊಂದೂ ಯೂನಿಕೋಡ್ ಪಠ್ಯವನ್ನು ಕಡತದಲ್ಲಿಡುವ ಯುಟಿಎಫ್-8 ಕ್ರಮದಲ್ಲಿ 3 ಬೈಟ್. ವಿಳಾಸದಲ್ಲಿ ಪ್ರತಿ ಬೈಟೂ 3 ಅಕ್ಷರವಾಗುತ್ತದೆ. ‘ಕನ್ನಡ’ ಎಂಬುದರಲ್ಲಿ ಒತ್ತಕ್ಷರ ಮಾಡುವ ವಿರಾಮದ ಗುರುತೂ (್) ಸೇರಿ 5 ಚಿಹ್ನೆಗಳಿವೆ. ಅಂದರೆ ವಿಳಾಸದಲ್ಲಿ 45 ಅಕ್ಷರ! ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಕೊಂಡಿ ಹತ್ತು ಸಾಲು ಶೇಕಡಾ ಚಿಹ್ನೆಗಳಾಗಿ ಕಂಡರೆ ಕಾರಣ ಇದು. ನಾನು ಶೀರ್ಷಿಕೆಯನ್ನು ಕನ್ನಡದಲ್ಲಿಟ್ಟು, ಆಕ್ಸ್-ಹ್ಯೂಗೋ ಕೇಳುವ ರಫ್ತು ಕಡತದ ಹೆಸರನ್ನು ಮಾತ್ರ ರೋಮನ್ ಅಕ್ಷರಗಳಲ್ಲಿ ಕೊಡುತ್ತೇನೆ. ಮನಸ್ಸಿಗೆ ಸ್ವಲ್ಪ ನೋವೇ, ಆದರೆ ಕೊಂಡಿ ಮುರಿಯುವುದಿಲ್ಲ. ಕನ್ನಡ ವಿಳಾಸವೇ ಬೇಕೆನ್ನುವವರು ಹ್ಯೂಗೋ ಸಂರಚನೆಯಲ್ಲಿ, ವಿಳಾಸದ ಅಕ್ಷರಗಳಿಂದ ಉಚ್ಚಾರ ಚಿಹ್ನೆಗಳನ್ನು ತೆಗೆಯುವ ಆಯ್ಕೆ ಚಾಲೂ ಆಗಿದೆಯೇ ನೋಡಿ. ಯುರೋಪಿನ ಭಾಷೆಗಳಿಗೆಂದು ಮಾಡಿದ ಅದು ನಮ್ಮ ವಿರಾಮವನ್ನೂ ಇಕಾರ, ಎಕಾರದ ಗುರುತುಗಳನ್ನೂ ತೆಗೆದುಹಾಕುತ್ತದೆ. ‘ಕನ್ನಡ’ ‘ಕನನಡ’ ಆಗುತ್ತದೆ.

ಎರಡನೆಯದು ಗಡಿಯಾರ. ಬೆಳಿಗ್ಗೆ 9ಕ್ಕೆ ಬರೆದು ಪ್ರಕಟಿಸಿದ ಬರಹ ತಾಣದಲ್ಲಿ ಇಲ್ಲವೇ ಇಲ್ಲ. ಮಧ್ಯಾಹ್ನ ಎರಡೂವರೆಯ ಮೇಲೆ ತಾಣವನ್ನು ಮತ್ತೆ ಕಟ್ಟಿದರೆ ಮಾತ್ರ ಬರುತ್ತದೆ. ಕೈಯಲ್ಲಿ ಬರೆದ ದಿನಾಂಕಕ್ಕೆ ಕಾಲವಲಯ ಇಲ್ಲದಿದ್ದರೆ ಹ್ಯೂಗೋ ಅದನ್ನು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ಎಂದು ಓದಿಕೊಳ್ಳುತ್ತದೆ. ನಮ್ಮ ಸಮಯ ಐದೂವರೆ ಗಂಟೆ ಮುಂದಿರುವುದರಿಂದ ಆ ಬರಹ ಅದರ ಕಣ್ಣಿಗೆ ಭವಿಷ್ಯದ್ದು, ಭವಿಷ್ಯದ ಬರಹವನ್ನು ಅದು ಪ್ರಕಟಿಸುವುದಿಲ್ಲ. ಸಂರಚನೆಯಲ್ಲಿ ಏಷ್ಯಾ/ಕೋಲ್ಕತಾ ಎಂದು ಕಾಲವಲಯ ಕೊಟ್ಟರೆ ಆಯಿತು. ಆಕ್ಸ್-ಹ್ಯೂಗೋ ಮೂಲಕ ಬಂದ ದಿನಾಂಕದಲ್ಲಿ ವಲಯ ತಾನಾಗಿಯೇ ಸೇರಿರುತ್ತದೆ.

ಮೂರನೆಯದು ಥೀಮ್. ಹೆಚ್ಚಿನವು ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಶೀರ್ಷಿಕೆಗಳಲ್ಲಿ ಅಕ್ಷರಗಳ ನಡುವೆ ಜಾಗ ಬಿಡುವ ಸೂಚನೆ ಇದ್ದರೆ ಸೊನ್ನೆ ಮಾಡಿ, ಸಾಲಿನ ಅಂತರ ಹೆಚ್ಚಿಸಿ, ಕನ್ನಡ ಫಾಂಟನ್ನು ಹೆಸರಿಸಿ. ಥೀಮಿನ ಕಡತಗಳನ್ನೇ ತಿದ್ದಬೇಡಿ. ಅದೇ ಹೆಸರಿನ ಕಡತವನ್ನು ನಿಮ್ಮ ತಾಣದ ಕಪಾಟಿನಲ್ಲಿಟ್ಟರೆ ಹ್ಯೂಗೋ ಮೊದಲು ನಿಮ್ಮದನ್ನು ಎತ್ತಿಕೊಳ್ಳುತ್ತದೆ.

ಈ ದಾರಿಯ ನಿಜವಾದ ಖರ್ಚು ನಿರ್ವಹಣೆ. ಹ್ಯೂಗೋ ಬೇಗ ಬೇಗ ಬದಲಾಗುತ್ತದೆ, ಹಳೆಯ ಥೀಮ್ ಹೊಸ ಆವೃತ್ತಿಯಲ್ಲಿ ಮುಷ್ಕರ ಹೂಡುತ್ತದೆ. ಯಾವ ಆವೃತ್ತಿಯಲ್ಲಿ ತಾಣ ಸರಿಯಾಗಿ ಕಟ್ಟುತ್ತದೆಯೆಂದು ಬರೆದಿಟ್ಟುಕೊಳ್ಳಿ. ಬಿಡುವಿರುವ ದಿನ ಮಾತ್ರ ಹೊಸದಕ್ಕೆ ಕೈಹಾಕಿ.

ಕಾಗದಕ್ಕೆ: ಲೇಟೆಕ್, ಓಡಿಟಿ, ಪ್ಯಾನ್‌ಡಾಕ್

ಮುದ್ರಣಕ್ಕೆ ಬಂದಾಗ ನನ್ನ ಅಭಿಪ್ರಾಯ ಖಚಿತವಾಗಿದೆ. ಪುಸ್ತಕವನ್ನು ನೀವೇ ಪುಟ ಕಟ್ಟುವುದಾದರೆ ಲೇಟೆಕ್ ಎಂಬ ಪುಟವಿನ್ಯಾಸದ ವ್ಯವಸ್ಥೆ; ಬೇರೆಯವರು ತಿದ್ದಬೇಕಾದರೆ ಓಡಿಟಿ (ಲಿಬ್ರೆ ಆಫೀಸ್ ಕಡತ) ಅಥವಾ ವರ್ಡ್.

ಲೇಟೆಕ್ ಕಡತವನ್ನು ಪಿಡಿಎಫ್ ಮಾಡಲು ಆರ್ಗ್ ಮೊದಲಿಗೆ ಆರಿಸುವ ಪಿಡಿಎಫ್‌ಲೇಟೆಕ್ ಕನ್ನಡಕ್ಕೆ ಉಪಯೋಗವಿಲ್ಲ. ಝೀಲೇಟೆಕ್ ಅಥವಾ ಲುವಾಲೇಟೆಕ್ ಎಂದು ಕಡತದ ತಲೆಯಲ್ಲೇ ಹೇಳಬಹುದು. ಎರಡರಲ್ಲೂ ಫಾಂಟಿನ ಜೊತೆ ಲಿಪಿ ಕನ್ನಡ ಎಂದು ನಮೂದಿಸಬೇಕು. ಮರೆತರೆ ಒತ್ತಕ್ಷರಗಳು ಬಿಚ್ಚಿಕೊಳ್ಳುತ್ತವೆ. ಲುವಾಲೇಟೆಕ್ ಆದರೆ ಹಾರ್ಫ್‌ಬಜ್ ಬಳಸು ಎಂಬ ಸೂಚನೆಯೂ ಬೇಕು. ಮುದ್ರಿಸಲು ಮಾತ್ರವಾದರೆ ಝೀಲೇಟೆಕ್ ಸಾಕು. ಪಿಡಿಎಫ್ ಅನ್ನು ಜನರಿಗೆ ಹಂಚುವುದಾದರೆ ನಾನು ಲುವಾಲೇಟೆಕ್ ಕಡೆಗೆ ವಾಲುತ್ತೇನೆ. ಕನ್ನಡದಲ್ಲಿ ಬರೆಯುವ ಕ್ರಮವೂ ಫಾಂಟು ಚಿತ್ರಿಸುವ ಕ್ರಮವೂ ಬೇರೆ. ಪಿಡಿಎಫ್‌ನಿಂದ ನಕಲು ಮಾಡಿದ ಪಠ್ಯ ಕಲಸಿಹೋಗುವುದು, ಹುಡುಕಿದ ಪದ ಸಿಗದಿರುವುದು ಇದರಿಂದಲೇ. ಹಾರ್ಫ್‌ಬಜ್ ಜೊತೆಗಿನ ಲುವಾಲೇಟೆಕ್ ನಿಜವಾದ ಪಠ್ಯವನ್ನೂ ಪಿಡಿಎಫ್ ಒಳಗೆ ಹುದುಗಿಸಿಡುತ್ತದೆ. ಝೀಲೇಟೆಕ್‌ನಲ್ಲೂ ಅದಕ್ಕೊಂದು ಸೂಚನೆಯಿದೆ, ಆದರೆ ನಾವೇ ಚಾಲೂ ಮಾಡಬೇಕು.

ಪರೀಕ್ಷೆಯ ಕಡತದಲ್ಲಿ ಕೋಡ್ ತುಣುಕನ್ನು ಸೇರಿಸಿದ್ದು ಇಲ್ಲಿಗಾಗಿಯೇ. ಕೋಡ್‌ಗೆ ಬಳಸುವ ಸಮ ಅಗಲದ ಫಾಂಟಿನಲ್ಲಿ ಕನ್ನಡವೇ ಇರುವುದಿಲ್ಲ. ಲೇಟೆಕ್ ಕೆಲಸ ನಿಲ್ಲಿಸುವುದಿಲ್ಲ. ಆ ಅಕ್ಷರಗಳನ್ನು ಬಿಟ್ಟು ಪುಟ ಮುಗಿಸುತ್ತದೆ. ಲಾಗ್ ಕಡತ ತೆರೆದು ‘ಅಕ್ಷರ ಕಾಣೆಯಾಗಿದೆ’ ಎಂಬ ಅರ್ಥದ ಸಾಲುಗಳಿವೆಯೇ ಎಂದು ಪ್ರತಿ ಸಲವೂ ಹುಡುಕಿ. ಉದ್ದ ಸಮಾಸಪದ ಅಂಚು ದಾಟಿ ಹೊರಚಾಚಿದರೆ ಭಾಷೆ ಕನ್ನಡವೆಂದು ಪಾಲಿಗ್ಲಾಸಿಯಾ ಎಂಬ ಲೇಟೆಕ್ ಸೇರ್ಪಡೆಯ ಮೂಲಕ ತಿಳಿಸಿ. ಪದ ಎಲ್ಲಿ ಒಡೆಯಬಹುದೆಂಬ ಕನ್ನಡದ ನಿಯಮಗಳು ಲೇಟೆಕ್‌ಗೆ ಬುನಾದಿಯಾದ ಟೆಕ್ ಜೊತೆಗೇ ಬರುತ್ತವೆ. ಅವನ್ನು ಸಿದ್ಧಪಡಿಸಿದವರು ಕೇರಳದ ಸಂತೋಷ್ ತೋಟ್ಟಿಂಗಲ್. ನಮ್ಮ ನುಡಿಗೆ ಅವರು ಮಾಡಿದ ಉಪಕಾರವನ್ನು ನೆನೆಯಬೇಕು.

ಓಡಿಟಿಯಲ್ಲಿ ಎಲ್ಲರೂ ಬೀಳುವ ಗುಂಡಿ ಒಂದೇ. ಲಿಬ್ರೆ ಆಫೀಸ್‌ನಲ್ಲಿ ಕನ್ನಡ ‘ಸಂಕೀರ್ಣ ಪಠ್ಯ ವಿನ್ಯಾಸ’ದ ಗುಂಪಿಗೆ ಸೇರಿದೆ. ಪಾಶ್ಚಾತ್ಯ ಪಠ್ಯದ ಫಾಂಟನ್ನು ಎಷ್ಟು ಬದಲಿಸಿದರೂ ಕನ್ನಡ ಅಲುಗುವುದಿಲ್ಲ. ಭಾಷೆಯ ಸಿದ್ಧತೆಗಳಲ್ಲಿ ಆ ಗುಂಪನ್ನು ಚಾಲೂ ಮಾಡಿ, ಅದರ ಫಾಂಟು, ಗಾತ್ರವನ್ನು ಬೇರೆಯಾಗಿ ಹೊಂದಿಸಿ, ಆ ಶೈಲಿಯ ಕಡತವನ್ನು ಆರ್ಗ್‌ಗೆ ಮಾದರಿಯಾಗಿ ಕೊಡಿ.

ಒಂದು ಬಗೆಯ ಕಡತವನ್ನು ಇನ್ನೊಂದು ಬಗೆಗೆ ಬದಲಿಸುವ ಪ್ಯಾನ್‌ಡಾಕ್ ಬೇಕಾಗುವುದು ಮೂರು ಸಂದರ್ಭಗಳಲ್ಲಿ: ಈಮ್ಯಾಕ್ಸ್ ಇಲ್ಲದ ಗಣಕದಲ್ಲಿ, ವರ್ಡ್ ಕಡತವನ್ನೇ ಕೇಳುವವರಿಗೆ, ಇ-ಪುಸ್ತಕಕ್ಕೆ. ಕ್ಯಾಲಿಫೋರ್ನಿಯಾದ ಬರ್ಕಲಿಯಲ್ಲಿ ತತ್ತ್ವಶಾಸ್ತ್ರ ಕಲಿಸುವ ಜಾನ್ ಮ್ಯಾಕ್‌ಫರ್ಲೇನ್ ಬರೆದ ಈ ಉಪಕರಣ ಆರ್ಗ್ ಅನ್ನು ಚೆನ್ನಾಗಿಯೇ ಓದುತ್ತದೆ. ಆದರೆ ಆರ್ಗ್ ಒಳಗಿನ ಕೋಡ್ ಅನ್ನು ಅದು ನಡೆಸುವುದಿಲ್ಲ, ನೀವು ಈಮ್ಯಾಕ್ಸ್‌ನಲ್ಲಿ ಬರೆದ ಸೋಸುಕಗಳೂ ಅದಕ್ಕೆ ಅನ್ವಯಿಸುವುದಿಲ್ಲ. 200ಬಿ ಚಿಹ್ನೆಗಳನ್ನು ಅಳಿಸುವ ಕೆಲಸ ಇಲ್ಲಿ ಬೇರೆಯಾಗಿ ಮಾಡಬೇಕು.

ನನ್ನ ಏರ್ಪಾಟು

ತಂದೆಯವರ ಪದಕೋಶ ಈಗ ಒಂದೇ ಆರ್ಗ್ ಕಡತ. ಜಾಲತಾಣಕ್ಕೆ ಆರ್ಗ್‌ನ ಸ್ವಂತ ಪ್ರಕಾಶನ ಬಳಸುತ್ತೇನೆ, ಏಕೆಂದರೆ ಅದು ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಬದಲಾಗುತ್ತದೆ. ನನ್ನ ಸ್ವಂತ ಬರಹಗಳಿಗೆ ಆಕ್ಸ್-ಹ್ಯೂಗೋ. ಅಣ್ಣ ಪದಗಳ ಅರ್ಥ ತಿದ್ದಿಕೊಡುವಾಗ ಅವನಿಗೆ ಓಡಿಟಿ ಕಳುಹಿಸುತ್ತೇನೆ. ಅವನು ತಿದ್ದಿದ್ದನ್ನು ಮೂಲ ಕಡತಕ್ಕೆ ನಾನೇ ನೋಡಿ ನೋಡಿ ಸೇರಿಸುತ್ತೇನೆ. ಹೊಸದಾಗಿ ಆರಂಭಿಸುವವರು ಹ್ಯೂಗೋದಿಂದ ಶುರು ಮಾಡುವುದು ಬೇಡ. ಮೂರು ತಿಂಗಳು ಆರ್ಗ್‌ನ ಸ್ವಂತ ಪ್ರಕಾಶನದಲ್ಲೇ ಇರಿ. ಮೂಲ ಕಡತ ಅದೇ ಆದ್ದರಿಂದ ಆಮೇಲೆ ದಾರಿ ಬದಲಿಸಿದರೆ ಬರೆದದ್ದೇನೂ ಹಾಳಾಗುವುದಿಲ್ಲ.

ಮುದ್ರಣಾಲಯದ ಮಾತು ಒಂದು ಉಳಿದಿದೆ. ಎಷ್ಟೋ ಕಡೆ ಇಂದಿಗೂ ಪುಟ ಕಟ್ಟುವುದು ಯೂನಿಕೋಡ್‌ಗೆ ಹಿಂದಿನ ಫಾಂಟುಗಳಲ್ಲೇ. ವರ್ಡ್ ಕಡತ ಕೊಟ್ಟರೆ ಅದನ್ನು ಹಳೆಯ ಸಂಕೇತಕ್ಕೆ ತಿರುಗಿಸಿಕೊಳ್ಳುತ್ತಾರೆ, ಆ ತಿರುಗಣೆಯಲ್ಲಿ ಮೊದಲು ಹೋಗುವುದು ‘ರ‍್ಯಾಂಕ್’ ಥರದ ಪದಗಳೇ. ಸಾಧ್ಯವಾದರೆ ಫಾಂಟುಗಳನ್ನು ಹುದುಗಿಸಿದ ಪಿಡಿಎಫ್ ಅನ್ನೇ ತೆಗೆದುಕೊಳ್ಳುವಂತೆ ಒಪ್ಪಿಸಿ. ಒಪ್ಪದಿದ್ದರೆ, ಪುಸ್ತಕದ ಕಡತ ಕೊಡುವ ಮುನ್ನ ಆ 12 ಸಾಲಿನ ಪರೀಕ್ಷೆಯ ಕಡತವನ್ನು ಕೊಟ್ಟು ಒಂದು ಪುಟದ ಪ್ರೂಫ್ ತೆಗೆಸಿ, ಬೆಳಕಿನಲ್ಲಿ ಹಿಡಿದು ಅಕ್ಷರ ಅಕ್ಷರವಾಗಿ ಓದಿ.